ಹಳ್ಳಿ ಶಾಲೆ ಮಕ್ಕಳಿಗಾಗಿ ಸೇವಾ ಸಂಘ: ನೋಂದಣಿ ಮೊದಲೋ, ಕೆಲಸ ಮೊದಲೋ?

ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಹತ್ತು ಜನ ಸೇರಿ ಸರ್ಕಾರಿ ಶಾಲೆ ಮಕ್ಕಳಿಗಾಗಿ ಸಂಘ ಕಟ್ಟುತ್ತಿದ್ದೇವೆ, ನೋಂದಣಿ ಮಾಡಿಸಬೇಕೋ, ರೋಟರಿ ಸೇರಬೇಕೋ, ನೋಟ್‌ಬುಕ್ ಹಂಚಿದರೆ ಸಾಕೋ ಅಂತ ಕೇಳಿದ್ದೀರಿ. ಕೆಲಸ ಮೊದಲು ಅಂತೀನಿ. ಆದರೆ ಹೊರಗಿನವರ ಹತ್ತಿರ ಚಂದಾ ಎತ್ತುವ ಹೊತ್ತಿಗೆ ನೋಂದಣಿ ಆಗಿರಲಿ.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು. ಬೈಲಾ (ಸಂಘದ ನಿಯಮಾವಳಿ), ಸದಸ್ಯರ ಪಟ್ಟಿ, ಗುರುತಿನ ಚೀಟಿ, ವಿಳಾಸದ ದಾಖಲೆ ಇಟ್ಟು ಶಿವಮೊಗ್ಗದಲ್ಲಿ ಸಂಘಗಳ ಜಿಲ್ಲಾ ನೋಂದಣಾಧಿಕಾರಿಗೆ ಅರ್ಜಿ. ಆಮೇಲೆ ಸಂಘದ ಹೆಸರಿಗೇ ಪ್ಯಾನ್, ಬ್ಯಾಂಕ್ ಖಾತೆ. ಚೆಕ್ಕಿಗೆ ಇಬ್ಬರ ಸಹಿ. ಎಡವುವುದು ಇಲ್ಲಲ್ಲ, ಮುಂದಿನ ವರ್ಷಗಳಲ್ಲಿ. ಪ್ರತಿವರ್ಷ ವಾರ್ಷಿಕ ಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ಸಲ್ಲಿಸಬೇಕು. ನಾಲ್ಕು ವರ್ಷ ಬಿಟ್ಟು ಹೋದರೆ ದಂಡ, ಅಲೆದಾಟ ಎರಡೂ. ಖಜಾಂಚಿ ಊರಲ್ಲೇ ಇರುವವರಾಗಲಿ; ಸಹಿ ಮಾಡುವವನು ಬೆಂಗಳೂರಿಗೆ ಹೋಗಿ ಕೂತರೆ ದುಡ್ಡು ಖಾತೆಯಲ್ಲೇ ಕೂರುತ್ತದೆ.

ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರವೇ ಕೊಡುತ್ತದೆ. ಕೊರತೆ ಬೀಳುವುದು ನೋಟ್‌ಬುಕ್ಕು ಮತ್ತು ಮಳೆಗಾಲದ ಸಾಮಾನು. ಹೈಸ್ಕೂಲಿನ ಒಬ್ಬರಿಗೆ ಆರು ವಿಷಯಕ್ಕೆ 200 ಪುಟದ ಆರು, ಗಣಿತಕ್ಕೆ ಇನ್ನೊಂದು ಹೆಚ್ಚು. 60 ಮಕ್ಕಳಿಗೆ 420. ಗೆರೆಯದ್ದೋ ಖಾಲಿಯದ್ದೋ ಮೇಷ್ಟ್ರನ್ನೇ ಕೇಳಿ ಬರೆದುಕೊಳ್ಳಿ. ಶಾಲೆ ತೆರೆದ ವಾರವೇ ಹಂಚಿ. ಮುಖ್ಯ ಅತಿಥಿ ಸಿಗಲಿ ಅಂತ ಜುಲೈವರೆಗೆ ಕಾದರೆ ಅಷ್ಟರಲ್ಲಿ ಅಪ್ಪ ಅಮ್ಮ ಸಾಲ ಮಾಡಿಯಾದರೂ ಕೊಂಡಿರುತ್ತಾರೆ, ನಿಮ್ಮ ಬಂಡಲ್ಲಿಗೆ ನೆಲದ ಥಂಡಿಗೆ ಬೂಷ್ಟು ಹಿಡಿದಿರುತ್ತದೆ. ರೇನ್‌ಕೋಟನ್ನು ತರಗತಿ ನೋಡಿ ತರಬೇಡಿ. ಬೆನ್ನಿಗೆ ಬ್ಯಾಗ್ ಹಾಕಿಸಿ, ಅದರ ಮೇಲಿಂದಲೇ ಮೊಣಕಾಲಿನ ಕೆಳಗಿನವರೆಗೆ ಟೇಪ್ ಹಿಡಿಯಿರಿ. ಬ್ಯಾಗ್ ಒಳಗೆ ಹಿಡಿಸದ ಕೋಟು ಕೊಟ್ಟರೆ ಹುಡುಗ ಒಣಗಿರುತ್ತಾನೆ, ನೀವೇ ಕೊಟ್ಟ ನೋಟ್‌ಬುಕ್ ನೆನೆಯುತ್ತದೆ.

ಇದೆಲ್ಲ ಒಂದು ದಿನದ ಕೆಲಸ. ನನ್ನ ಕೇಳಿದರೆ ಎಸ್ಸೆಸ್ಸೆಲ್ಸಿಯವರಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುವುದು ಹೆಚ್ಚು ಉಪಯೋಗ. ಸಂಜೆ ತರಗತಿ ಪೇಟೆಗೆ ಸರಿ. ನಮ್ಮಲ್ಲಿ ತೋಟದ ನಡುವಿನ ಒಂಟಿ ಮನೆ, ಕಾಲುದಾರಿ, ಇಂಬಳ, ಕತ್ತಲೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಇಟ್ಟುಕೊಳ್ಳಿ, ಬಸ್ಸಿನ ಹೊತ್ತಿಗೆ ಮುಗಿಸಿ. ಊಟಕ್ಕೆ ಏನು ಅನ್ನುವುದನ್ನು ಮೊದಲೇ ನೋಡಿ, ಹಸಿದವರ ತಲೆಗೆ ತ್ರಿಕೋನಮಿತಿ ಇಳಿಯುವುದಿಲ್ಲ. ಜೂನ್‌ನಲ್ಲೇ ಶುರುಮಾಡಿ: ಅಡಿಕೆ ಕೊಯ್ಲು ಬಂತೆಂದರೆ ಮಕ್ಕಳೂ ಸುಲಿಯಲು ಕೂರುತ್ತಾರೆ, ಕಲಿಸುವವರೂ ನಾಪತ್ತೆ. ಮೂವರು ಒಪ್ಪಿಕೊಂಡರೆ ಒಬ್ಬರು ಬರುತ್ತಾರೆ ಅಂತ ಲೆಕ್ಕ ಹಿಡಿಯಿರಿ.

ಮುಖ್ಯಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಪೋಷಕರು, ಮೂರೂ ಕಡೆಯ ಒಪ್ಪಿಗೆ ಬರವಣಿಗೆಯಲ್ಲಿರಲಿ. ಫೋಟೊ ತೆಗೆಯುವುದಿದ್ದರೆ ಅದನ್ನೂ ಅದರಲ್ಲೇ ಬರೆಸಿ. ಕೋಣೆಯಲ್ಲಿ ಯಾವತ್ತೂ ಇಬ್ಬರು ದೊಡ್ಡವರಿರಬೇಕು, ಒಬ್ಬರು ಹೆಂಗಸಾದರೆ ಒಳ್ಳೆಯದು. ಒಂದು ಮಗುವನ್ನೇ ಬೈಕಿನಲ್ಲಿ ಕೂರಿಸಿಕೊಂಡು ಮನೆಗೆ ಬಿಡುವ ಉಪಕಾರ ಬೇಡ. ಲೈಂಗಿಕ ದೌರ್ಜನ್ಯದ ವಿಷಯ ಕಿವಿಗೆ ಬಿದ್ದರೆ ಸಂಘದೊಳಗೆ ಪಂಚಾಯ್ತಿ ಮಾಡುವಂತಿಲ್ಲ; 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ರೋಟರಿ ವಿಷಯ: ನಿಮ್ಮ ಸಂಘ ಹಾಗೇ ಇರಲಿ, ಸದಸ್ಯತ್ವದ ವಂತಿಗೆ ಹಳ್ಳಿ ಹುಡುಗರಿಗೆ ಭಾರ. ಅವರ ಇಂಟರಾಕ್ಟ್ ಕ್ಲಬ್ ಅಂತ ಮಕ್ಕಳದ್ದೇ ಸೇವಾ ಕ್ಲಬ್ ಇದೆ, 12ರಿಂದ 18 ವರ್ಷದವರಿಗೆ. ಹತ್ತಿರದ ರೋಟರಿ ಕ್ಲಬ್ ಪ್ರಾಯೋಜಿಸಿದರೆ ನಿಮ್ಮ ಹೈಸ್ಕೂಲಿನಲ್ಲೇ ತೆರೆಯಬಹುದು, ಅದನ್ನು ಕೇಳಿ ನೋಡಿ.