ಇಸಕೊಂಡ ಹಂಡೆಯೂ ಬೇರೆಯವರ ಮಿಷನ್ನೂ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ನಾಲ್ಕೂ ಪತ್ರಗಳು ‘ಆರ್ಮಾ 3’ ಎಂಬ ಕಂಪ್ಯೂಟರ್ ಯುದ್ಧದ ಆಟ ಆಡುವವರದು. ಅದರಲ್ಲಿ ಮಿಷನ್ ಅಂದರೆ ಆಟಗಾರರೇ ಕಟ್ಟಬಹುದಾದ ಒಂದು ಕಾರ್ಯಾಚರಣೆ, ಸ್ಟೀಮ್ ವರ್ಕ್‌ಶಾಪ್ ಅಂದರೆ ಅಂಥವನ್ನು ಹಂಚಿಕೊಳ್ಳುವ ಆನ್‌ಲೈನ್ ತಾಣ. ಬೇರೆಯವರು ಕಟ್ಟಿದ ಮಿಷನ್ ತಿದ್ದಿ ಮತ್ತೆ ಹಂಚುವ ವಿಚಾರವೇ ಎಲ್ಲದರಲ್ಲೂ ಇದೆ.

ಪ್ರಶ್ನೆ: ಸ್ಟೀಮ್ ವರ್ಕ್‌ಶಾಪಿನಿಂದ ಹತ್ತು ಮಂದಿ ಆಡೋ ಹಳೇ ಮಿಷನ್ ಒಂದು ತಗೊಂಡು ಹದಿನಾಲ್ಕು ಮಂದಿಗೆ ಹಿಗ್ಗಿಸೀನಿ, ಇನ್ನೊಂದು ಟ್ಯಾಂಕ್ ಸೇರಿಸೀನಿ. ಫೈಲಿಗೆ ಕೀಲಿ-ಗೀಲಿ ಏನೂ ಇರಲಿಲ್ಲ. ಮಾಡಿದವರಿಗೆ ಮೆಸೇಜ್ ಹಾಕಿದೆ, ಉತ್ತರ ಇಲ್ಲ. ನನ್ನ ಹೆಸರಿಲೆ ವರ್ಕ್‌ಶಾಪಿಗೆ ಹಾಕೂದು ತಪ್ಪೇನ್ರಿ?
— ವಿದ್ಯಾನಗರ, ಹುಬ್ಬಳ್ಳಿ

ನಿಮ್ಮ ಗೆಳೆಯರ ಗುಂಪಿನೊಳಗೇ ಆಡಿದರೆ ಸಾಮಾನ್ಯವಾಗಿ ಯಾರೂ ತಕರಾರು ತೆಗೆಯುವುದಿಲ್ಲ. ಊರಿಗೆಲ್ಲ ಹಂಚಲು ಹೊರಟಾಗ ಮಾತು ಬೇರೆ. ಮಿಷನ್ ಬರುವುದು ಪಿಬಿಒ ಫೈಲಾಗಿ. ಪಿಬಿಒ ಅಂದರೆ ಹಲವು ಫೈಲುಗಳನ್ನು ಕಟ್ಟಿಟ್ಟ ಗಂಟು ಅಷ್ಟೇ, ಪಿಬಿಒ ಮ್ಯಾನೇಜರ್ ಎಂಬ ತಂತ್ರಾಂಶ ಇದ್ದವರು ಯಾರಾದರೂ ಬಿಚ್ಚಬಹುದು. ಬಿಚ್ಚಲು ಬಂತು ಅಂದ ಮಾತ್ರಕ್ಕೆ ಅನುಮತಿ ಸಿಕ್ಕಿತು ಅಂತಲ್ಲ.

ಮೊದಲು ಲೈಸೆನ್ಸ್ ಹುಡುಕಿ. ವರ್ಕ್‌ಶಾಪ್ ವಿವರಣೆಯ ಕೊನೆಯಲ್ಲಿ ಅಥವಾ ಗಂಟಿನೊಳಗಿನ ರೀಡ್‌ಮಿ ಫೈಲಿನಲ್ಲಿ ಇರುತ್ತದೆ. ಆಟದ ಕಂಪನಿ ಬೊಹೀಮಿಯಾ ಇಂಟರ್‌ಆ್ಯಕ್ಟಿವ್ ಇಂಥ ಕೆಲಸಕ್ಕೆಂದೇ ಎಪಿಎಲ್ (ಆರ್ಮಾ ಪಬ್ಲಿಕ್ ಲೈಸೆನ್ಸ್) ಎಂಬುದನ್ನು ಮೂರು ಬಗೆಯಲ್ಲಿ ರೂಪಿಸಿದೆ. ಬರೀ ಎಪಿಎಲ್ ಎಂದಿದ್ದರೆ ಮಾಡಿದವರ ಹೆಸರು ಹೇಳಿ, ದುಡ್ಡು ಮಾಡದೆ, ಆರ್ಮಾ ಆಟಗಳೊಳಗೆ ಮಾತ್ರ ತಿದ್ದಿ ಹಂಚಬಹುದು. ಎಪಿಎಲ್-ಎಸ್‌ಎ ಇದ್ದರೆ ನಿಮ್ಮ ತಿದ್ದುಪಡಿಯನ್ನೂ ಅದೇ ಲೈಸೆನ್ಸಿನಲ್ಲೇ ಬಿಡಬೇಕು. ಎಪಿಎಲ್-ಎನ್‌ಡಿ ಇದ್ದರೆ ತಿದ್ದಿದ್ದನ್ನು ಹಂಚುವಂತೆಯೇ ಇಲ್ಲ. ಏನೂ ಬರೆದಿರದಿದ್ದರೆ ಎಲ್ಲ ಹಕ್ಕೂ ಮಾಡಿದವರದೇ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ.

ಮೆಸೇಜ್ ಹಾಕಿದೆ ಅಂದಿರಿ, ಏನಂತ ಹಾಕಿದಿರಿ? ‘ನಿಮ್ಮ ಮಿಷನ್ ಬಳಸಲಾ?’ ಎಂಬ ಒಂದೇ ಸಾಲಿಗೆ ಯಾರೂ ಉತ್ತರ ಬರೆಯುವುದಿಲ್ಲ. ಯಾವ ಮಿಷನ್, ಏನೇನು ಬದಲಾಗಿದೆ, ಯಾವ ಹೆಸರಿನಲ್ಲಿ ಎಲ್ಲಿ ಹಾಕುತ್ತೀರಿ, ಬೇಡ ಅಂದರೆ ಹಾಕುವುದಿಲ್ಲ ಎಂಬ ಮಾತು, ಇಷ್ಟನ್ನು ಐದಾರು ಸಾಲಿನಲ್ಲಿ ಬರೆದು ತಿದ್ದಿದ ಫೈಲನ್ನೂ ಜೊತೆಗಿಡಿ. ಒಂದು ತಿಂಗಳು ಕಾಯಿರಿ. ರೀಡ್‌ಮಿಯಲ್ಲಿ ಇಮೇಲ್ ಇದ್ದರೆ ಎರಡನೇ ಸಲ ಅಲ್ಲಿಗೆ ಬರೆಯಿರಿ. ಆಗಲೂ ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಲೈಸೆನ್ಸೂ ಇಲ್ಲ, ಉತ್ತರವೂ ಇಲ್ಲ ಎಂದಾದರೆ ನೀವೇ ಬರೆದ ಸ್ಕ್ರಿಪ್ಟು ಮತ್ತು ಎಲ್ಲೆಲ್ಲಿ ಏನು ಬದಲಿಸಬೇಕೆಂಬ ಪಟ್ಟಿ, ಇವೆರಡನ್ನಷ್ಟೇ ಹಂಚಿ. ಬೇಕಾದವರು ಮೂಲ ಮಿಷನ್ ತಾವೇ ಇಳಿಸಿಕೊಂಡು ತಿದ್ದಿಕೊಳ್ಳಲಿ.

ಇನ್ನು ಆ ಟ್ಯಾಂಕು. ಮಿಷನ್ ಕಟ್ಟಲು ಆಟದೊಳಗೇ ಇರುವ ಎಡನ್ ಎಡಿಟರಿನಲ್ಲಿ ಹಳೇ ಟ್ಯಾಂಕನ್ನೇ ಕಾಪಿ-ಪೇಸ್ಟ್ ಮಾಡಿದ್ದರೆ ಎಡವಟ್ಟು ಅಲ್ಲೇ ಇದೆ. ಮೊದಲಿನದರ ವೇರಿಯಬಲ್ ಹೆಸರು (ಸ್ಕ್ರಿಪ್ಟು ಅದನ್ನು ಗುರುತಿಸುವ ಹೆಸರು) ‘ಟ್ಯಾಂಕ್1’ ಎಂದಿದ್ದರೆ ನಕಲಿಗೆ ಎಡಿಟರ್ ತಾನೇ ‘ಟ್ಯಾಂಕ್1_1’ ಎಂದು ಹೆಸರಿಡುತ್ತದೆ. ಕಂಡಿಷನ್ ಪೂರೈಸಿದೊಡನೆ ಮಿಷನ್ ಮುಗಿಸುವ ಟ್ರಿಗರಿಗೆ ಗೊತ್ತಿರುವುದು ಮೊದಲಿನದು ಮಾತ್ರ. ಅದು ಸುಟ್ಟ ಕ್ಷಣವೇ ‘ಮಿಷನ್ ಯಶಸ್ವಿ’ ಬರುತ್ತದೆ, ನಿಮ್ಮ ಟ್ಯಾಂಕು ಅತ್ತ ಗುಂಡು ಹಾರಿಸುತ್ತಲೇ ಇರುತ್ತದೆ. ಟ್ರಿಗರಿನ ಕಂಡಿಷನ್ನಿನಲ್ಲಿ ಎರಡೂ ಹೆಸರು ಬರಬೇಕು. ಆಟಗಾರರ ಸಂಖ್ಯೆಯನ್ನೂ ಎಡಿಟರಿನಲ್ಲಿ ಬದಲಿಸಿದರೆ ಸಾಲದು. ಗಂಟಿನೊಳಗಿನ ಡಿಸ್ಕ್ರಿಪ್ಷನ್ ಫೈಲಿನ ಹೆಡರಿನಲ್ಲಿ ಗರಿಷ್ಠ ಸಂಖ್ಯೆ 10 ಇದ್ದದ್ದನ್ನು 14 ಮಾಡಿ. ಫೈಲ್ ಹೆಸರಿನ ‘ಕೋ10’ (ಹತ್ತು ಮಂದಿಯ ಕೋ-ಆಪ್) ಕೂಡ ‘ಕೋ14’ ಆಗಲಿ. ಹೆಸರಿನಲ್ಲಿ ಡಾಟ್ ಆದ ಮೇಲೆ ಬರುವ ನಕ್ಷೆಯ ಹೆಸರನ್ನು ಮಾತ್ರ ಮುಟ್ಟಬೇಡಿ, ಮುಟ್ಟಿದರೆ ಆಟಕ್ಕೆ ನಕ್ಷೆಯೇ ಸಿಗುವುದಿಲ್ಲ.

ಪರೀಕ್ಷೆಯನ್ನು ಡೆಡಿಕೇಟೆಡ್ ಸರ್ವರಿನಲ್ಲೇ, ಅಂದರೆ ಆಟ ನಡೆಸಲೆಂದೇ ಇರುವ ಪ್ರತ್ಯೇಕ ಸರ್ವರಿನಲ್ಲೇ ಮಾಡಿ. ನಿಮ್ಮ ಕಂಪ್ಯೂಟರಿನಲ್ಲಿ ಹೋಸ್ಟ್ ಮಾಡಿದಾಗ ಸರ್ವರೂ ನೀವೇ, ಆಟಗಾರರೂ ನೀವೇ. ಹಾಗಾಗಿ ‘ಪ್ಲೇಯರ್’ ಎಂದು ಬರೆದ ಸ್ಕ್ರಿಪ್ಟೆಲ್ಲ ಓಡುತ್ತದೆ. ಡೆಡಿಕೇಟೆಡ್ ಸರ್ವರಿನಲ್ಲಿ ಕುಳಿತ ಆಟಗಾರ ಯಾರೂ ಇರುವುದಿಲ್ಲ, ಅಲ್ಲಿ ಓಡಬೇಕಾದ ಸ್ಕ್ರಿಪ್ಟು ಅಲ್ಲೇ ಕೈಕೊಡುತ್ತದೆ. ಒಬ್ಬರನ್ನು ಹತ್ತು ನಿಮಿಷ ತಡವಾಗಿ ಒಳಗೆ ಬರಲು ಹೇಳಿ. ಆ್ಯಕ್ಷನ್ ಮೆನುವಿಗೆ ನೀವು ಸೇರಿಸಿದ್ದು ಅವರಿಗೆ ಕಾಣದಿದ್ದರೆ ಅದನ್ನೂ ಸರಿಮಾಡಬೇಕು.

ಪ್ರಶ್ನೆ: ಮೂಲದವರ ಒಪ್ಪಿಗಿ ಇತ್ತು, ವಿವರಣೆಯೊಳಗ ಅವರ ಹೆಸರೂ ಬರದೀನಿ. ಆದರೂ ಸಿಟ್ಟಾಗ್ಯಾರ. ಯಾಕಿರಬಹುದು?
— ಬೆಟಗೇರಿ, ಗದಗ

ಬಹುಶಃ ನೀವು ಫೈಲಿನ ಹೆಸರನ್ನು ಬದಲಿಸದೆ ಮೊದಲಿನದೇ ಇಟ್ಟಿದ್ದೀರಿ. ಸರ್ವರಿನಲ್ಲಿ ಮಿಷನ್‌ಗಳಿರುವ ಎಂಪಿಮಿಷನ್ಸ್ ಫೋಲ್ಡರಿಗೆ ನಿಮ್ಮದನ್ನು ಹಾಕಿದರೆ ಅವರದು ಅಳಿದುಹೋಗುತ್ತದೆ, ಸರ್ವರ್ ನಡೆಸುವವರಿಗೆ ಗೊತ್ತೂ ಆಗುವುದಿಲ್ಲ. ಆಮೇಲೆ ನಿಮ್ಮ ತಿದ್ದುಪಡಿಯ ದೋಷಕ್ಕೆ ಬೈಗುಳ ಹೋಗುವುದು ಅವರಿಗೆ.

ಲಗ್ನಕ್ಕೆ ಇಸಕೊಂಡು ತಂದ ಹಂಡೆಯ ಮೇಲೆ ಕೊಟ್ಟವರ ಹೆಸರು ಕೆತ್ತಿರುತ್ತದೆ. ಅದನ್ನು ಉಜ್ಜಿ ಅಳಿಸಿದರೆ ಕಳವು. ನಾವು ತಗ್ಗು ಬೀಳಿಸಿ, ‘ಅವರ ಮನೆ ಹಂಡೆನೇ ಹಿಂಗ’ ಎಂದು ಮಂದಿ ಆಡಿಕೊಳ್ಳುವಂತೆ ಮಾಡಿದರೆ ಅದೂ ಸರಿಯಲ್ಲ. ಲೋಡಿಂಗ್ ತೆರೆಯಲ್ಲಿ ಬರುವ ಆಥರ್ ಸಾಲಿನಲ್ಲಿ ‘ಮೂಲ: ಇಂಥವರು, ತಿದ್ದುಪಡಿ: ಇಂಥವರು’ ಎಂದು ಎರಡೂ ಇರಲಿ. ದೋಷ ಕಂಡರೆ ನಿಮಗೇ ಬರೆಯಬೇಕೆಂದು ವಿವರಣೆಯ ಮೊದಲ ಸಾಲಿನಲ್ಲೇ ಹೇಳಿ.

ಆವೃತ್ತಿ ಸಂಖ್ಯೆಯಲ್ಲೂ ಜಗಳ ಹುಟ್ಟುತ್ತದೆ. ಅವರದು 1.3 ಇದ್ದಾಗ ನೀವು 2.0 ಎಂದರೆ ಮೂಲದವರೇ ಹೊಸದು ಬಿಟ್ಟರು ಅಂದುಕೊಳ್ಳುತ್ತಾರೆ. ‘1.3 – ಗದಗ ತಿದ್ದುಪಡಿ 1’ ಅನ್ನಿ. ‘ಸುಧಾರಿತ’ ಎಂಬ ಶಬ್ದವಂತೂ ಬೇಡವೇ ಬೇಡ, ಮೊದಲಿನದು ಕಳಪೆ ಅಂದಂತಾಗುತ್ತದೆ. ಸೇವ್ ಮಾಡುವಾಗ ಬೈನರೈಸ್ ಎಂಬುದರ ಟಿಕ್ ತೆಗೆದರೆ ಮಿಷನ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ಓದಬಹುದು. ನೀವು ಏನು ಮಾಡಿದ್ದೀರೆಂದು ಅವರಿಗೂ ತಿಳಿಯುತ್ತದೆ.

ಇನ್ನೊಂದು: ಮಿಷನ್ನಿನೊಳಗೆ ಮೂರನೆಯವರ ಸಂಗೀತವೋ ಸ್ಕ್ರಿಪ್ಟೋ ಇದ್ದರೆ ಅದಕ್ಕೆ ಮೂಲದವರ ಒಪ್ಪಿಗೆ ಸಾಲದು. ಅದನ್ನು ಮಾಡಿದವರನ್ನೇ ಕೇಳಬೇಕು, ಇಲ್ಲವೇ ತೆಗೆದುಹಾಕಬೇಕು.

ಪ್ರಶ್ನೆ: ಒಂದು ಮಿಷನ್ನಿನ ಮಾತನ್ನೆಲ್ಲ ಕನ್ನಡಕ್ಕೆ ತಂದು ಬಿಡಬೇಕು ಅಂದುಕೊಂಡಿದ್ದೇನೆ. ಆಟದಲ್ಲಿ ಅಕ್ಷರಗಳೇ ಮೂಡುತ್ತಿಲ್ಲ. ಬರೀ ಅನುವಾದಕ್ಕೂ ಕೇಳಬೇಕೆ?
— ರಾಣೆಬೆನ್ನೂರು

ಕೇಳಬೇಕು. ಅನುವಾದದ ಹಕ್ಕೂ ಮಾಡಿದವರದೇ. ಆದರೆ ಅನುವಾದಕ್ಕೆ ಒಲ್ಲೆ ಅನ್ನುವವರು ಅಪರೂಪ.

ಮಾತೆಲ್ಲ ಸ್ಟ್ರಿಂಗ್‌ಟೇಬಲ್ ಎಂಬ ಒಂದೇ ಫೈಲಿನಲ್ಲಿದ್ದರೆ ಕೆಲಸ ಸಲೀಸು. ಆದರೆ ಆಟ ಗುರುತಿಸುವ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ. ಇಂಗ್ಲಿಷಿನ ಜಾಗದಲ್ಲಿ ಕನ್ನಡ ತುಂಬಿದರೂ ಆಟದ ಫಾಂಟಿನಲ್ಲಿ ನಮ್ಮ ಅಕ್ಷರಗಳಿಲ್ಲ, ಅದಕ್ಕೇ ಮೂಡುತ್ತಿಲ್ಲ. ದಾರಿ ಎರಡಿವೆ. ಬ್ರೀಫಿಂಗನ್ನು (ಮಿಷನ್ ಶುರುವಿಗೆ ಓದುವ ಸೂಚನೆಯನ್ನು) ಚಿತ್ರವಾಗಿ ಮಾಡಿ ಆಟದೊಳಗಿನ ಡೈರಿಯಲ್ಲಿ ಸೇರಿಸಿ. ಚಿತ್ರದ ಅಗಲ-ಎತ್ತರ 256, 512, 1024 ಹೀಗೆ ಎರಡರ ಘಾತದಲ್ಲೇ ಇರಬೇಕು, 1024 × 512 ಓದಲು ಸಾಕು. ರೇಡಿಯೊ ಮಾತುಗಳನ್ನು ಕನ್ನಡದಲ್ಲೇ ಹೇಳಿಸಿ, ಓಜಿಜಿ ಫೈಲು ಮಾಡಿ, ಡಿಸ್ಕ್ರಿಪ್ಷನ್ ಫೈಲಿನಲ್ಲಿ ನಮೂದಿಸಿ. ಮೋನೋದಲ್ಲಿಡಿ. ಇಡೀ ಮಿಷನ್ ಪ್ರತಿ ಆಟಗಾರರಿಗೂ ಸರ್ವರಿನಿಂದಲೇ ಇಳಿಯುವುದರಿಂದ ಫೈಲು ದಪ್ಪಗಾದಷ್ಟೂ ಲಾಬಿಯಲ್ಲಿ ಕಾಯುವವರು ಬೈಯುತ್ತಾರೆ. ಮೂಲ ಇಂಗ್ಲಿಷ್ ಸಾಲುಗಳನ್ನು ಅಳಿಸಬೇಡಿ. ದನಿ ಕೊಟ್ಟವರ ಹೆಸರನ್ನೂ ಹಾಕಿ.

ಪ್ರಶ್ನೆ: ಕಾಲೇಜು ಫೆಸ್ಟಿನಲ್ಲಿ ತಲೆಗೆ 100 ರೂಪಾಯಿ ಶುಲ್ಕ ಇಟ್ಟು, ತಿದ್ದಿದ ಎಪಿಎಲ್ ಮಿಷನ್ ಆಡಿಸಬಹುದೆ?
— ಸಪ್ತಾಪುರ, ಧಾರವಾಡ

ಬೇಡ. ಎಪಿಎಲ್‌ನ ಮೊದಲ ಷರತ್ತುಗಳಲ್ಲೇ ವಾಣಿಜ್ಯ ಬಳಕೆ ಇಲ್ಲ ಎಂದಿದೆ. ಮಾಡಿದವರಿಂದ ಬರಹದಲ್ಲಿ ಪ್ರತ್ಯೇಕ ಒಪ್ಪಿಗೆ ತಂದರೂ ಆಟದ ಕಂಪನಿಯ ಷರತ್ತು ಬೇರೆಯೇ ಇರುತ್ತದೆ, ಅವರನ್ನೂ ಕೇಳಬೇಕು. ಫೆಸ್ಟ್ ಮುಂದಿನ ವಾರವೇ ಇದ್ದರೆ ಶುಲ್ಕ ಬಿಟ್ಟುಬಿಡಿ.