ಕರೆಂಟ್ ಹೋದ್ರೆ ಲ್ಯಾಂಡ್‌ಲೈನೂ ಹೋಗುತ್ತಾ?

ಪ್ರಶ್ನೆ: ಸಾರ್, ನಮ್ದು ಚಿಂತಾಮಣಿ ಹತ್ರ ಒಂದು ಹಳ್ಳಿ. ಅಮ್ಮ ಒಬ್ರೇ ಇರೋದು, ನಾನು ಬೆಂಗಳೂರಲ್ಲಿ. ಮನೆ ಲ್ಯಾಂಡ್‌ಲೈನು ಮಳೆ ಬಂದ್ರೆ ಕರಕರ ಅಂತಿತ್ತು, ಈಗ ಪೂರ್ತಿ ಡೆಡ್ಡು. ಕಂಪ್ಲೇಂಟ್ ಕೊಟ್ರೆ ತಾಮ್ರದ ಲೈನು ಇನ್ಮೇಲೆ ರಿಪೇರಿ ಇಲ್ಲ, ಫೈಬರ್ ಹಾಕಿಸ್ಕೊಳ್ಳಿ ಅಂತಾರೆ. ಪಕ್ಕದ ಮನೆಯವ್ರು ಮಾಳಿಗೆ ಮೇಲೆ 5ಜಿ ಡಬ್ಬ ಇಡಿಸಿದಾರೆ, ಅದೇ ಸಾಕು ಅಂತಾರೆ. ಅಮ್ಮಂಗೆ ಮೊಬೈಲ್ ಒಗ್ಗಲ್ಲ. ಹಳೇ ನಂಬರು, ಹಳೇ ಫೋನು ಉಳಿಯುತ್ತಾ?
— ಓದುಗರು, ಚಿಂತಾಮಣಿ ತಾಲ್ಲೂಕು

ಉತ್ತರ: ಆ ಕರಕರ ಏನಂದ್ರೆ ಜಾಯಿಂಟಲ್ಲಿ ನೀರು ಇಳಿದು ತಾಮ್ರ ಕಿಲುಬು ಹಿಡಿದಿರೋದು. ಫೈಬರ್ ಅಂದ್ರೆ ಗಾಜಿನ ಎಳೆ, ಅದರಲ್ಲಿ ಓಡೋದು ಕರೆಂಟಲ್ಲ, ಬೆಳಕು, ಹಾಗಾಗಿ ಈ ಕಿಲುಬಿನ ಕಾಟ ಇರಲ್ಲ. ನಾನಾದ್ರೆ ಫೈಬರೇ ಹಾಕಿಸ್ತೀನಿ. 5ಜಿ ಡಬ್ಬ ಕೆಟ್ಟದ್ದೇನಲ್ಲ, ಆದ್ರೆ ಅದಕ್ಕೆ ಮನೇಲೂ ಕರೆಂಟ್ ಬೇಕು ಟವರಿಗೂ ಬೇಕು, ಜೊತೆಗೆ ಸಿಗ್ನಲ್ಲು ಚೆನ್ನಾಗಿ ಸಿಗ್ಬೇಕು.

ಈಗ ಯಾರೂ ಬಾಯ್ಬಿಟ್ಟು ಹೇಳದ ವಿಷ್ಯ. ಹಳೇ ಫೋನಿಗೆ ಕರೆಂಟು ಬರ್ತಿದ್ದಿದ್ದು ನಿಮ್ಮನೆಯಿಂದಲ್ಲ, ಎಕ್ಸ್‌ಚೇಂಜಿನ ಬ್ಯಾಟರಿಯಿಂದ, 48 ವೋಲ್ಟು, ಅದೇ ತಂತೀಲಿ, ಅದಕ್ಕೇ ಊರೆಲ್ಲ ಕತ್ತಲಾದ್ರೂ ಫೋನು ರಿಂಗ್ ಆಗ್ತಿತ್ತು. ಗಾಜಿನ ಎಳೆ ಕರೆಂಟ್ ಒಯ್ಯಲ್ವಲ್ಲ, ಅದು ಮನೇಲಿ ಬಂದು ಸೇರೋ ಡಬ್ಬ, ಅಂದ್ರೆ ಮೋಡೆಮ್‌ಗೆ ನಿಮ್ಮನೆ ಪ್ಲಗ್ಗೇ ಗತಿ. ಕರೆಂಟ್ ಹೋಯ್ತಾ, ಅಮ್ಮನ ಫೋನೂ ಹೋಯ್ತು. ಇನ್ವರ್ಟರ್ ಇದ್ರೆ ಮೋಡೆಮ್‌ನ ಆ ಲೈನಿಗೆ ಹಾಕ್ಸಿ, ಇಲ್ದಿದ್ರೆ ಇಂಥ ಮೋಡೆಮ್‌ಗೆ ಅಂತ್ಲೇ ಸಣ್ಣ ಯುಪಿಎಸ್, ಅಂದ್ರೆ ಬ್ಯಾಟರಿ ಡಬ್ಬ, ಸಿಗುತ್ತೆ, ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟು (ಸಾಮಾನ್ಯವಾಗಿ 12) ಆಂಪಿಯರು ನೋಡ್ಕೊಂಡು ತಗೊಳ್ಳಿ. ಕಾರ್ಡ್‌ಲೆಸ್ ಫೋನ್ ಆದ್ರೆ ಅದರ ಬೇಸಿಗೂ ಬೇರೆ ಕರೆಂಟ್ ಬೇಕು, ವೈರ್ ಇರೋದೇ ಮೇಲು.

ಹಳೇ ಫೋನನ್ನ ಮೋಡೆಮ್ ಹಿಂದೆ ಫೋನ್ ಅಂತ ಬರೆದಿರೋ ತೂತಿಗೆ ಚುಚ್ಚಿದ್ರೆ ಆಯ್ತು. ಬೆರಳಿಟ್ಟು ತಿರುಗಿಸೋ ಡಯಲ್ಲಿನದಾದ್ರೆ ಕಾಲ್ ಬರುತ್ತೆ, ಆದ್ರೆ ಎಷ್ಟೋ ಮೋಡೆಮ್‌ಗಳಿಗೆ ಆ ಡಯಲ್ ಅರ್ಥ ಆಗಲ್ಲ, ಹೊರಗಡೆ ಮಾಡಕ್ಕಾಗಲ್ಲ. ಬಟನ್ ಫೋನಲ್ಲಿ ಟಿ, ಪಿ ಅಂತ ಸಣ್ಣ ಸ್ವಿಚ್ ಇದ್ರೆ ಟಿ ಕಡೆ ಇಡಿ.

ನಂಬರ್ ವಿಷ್ಯಕ್ಕೆ ಹುಷಾರು. ಹಳೇದು ಸರೆಂಡರ್ ಮಾಡಿ ಹೊಸ ಕನೆಕ್ಷನ್ ಅಂತ ಬರೆದುಕೊಡ್ಬೇಡಿ, ಅದೇ ನಂಬರಲ್ಲಿ ಫೈಬರಿಗೆ ಬದಲಾಯಿಸಿ ಅಂತ ಅರ್ಜಿ ಕೊಟ್ಟು ನಂಬರ್ ಉಳಿಯುತ್ತೆ ಅಂತ ಬರವಣಿಗೇಲಿ ತಗೊಳ್ಳಿ. ಬೇರೆ ಕಂಪ್ನಿಗೆ ಹೋದ್ರೆ ಹಳೇ ನಂಬರ್ ಮರೆತುಬಿಡಿ, ನಂಬರ್ ಸಮೇತ ಕಂಪ್ನಿ ಬದಲಾಯಿಸೋ ಸೌಲಭ್ಯ ನಮ್ಮಲ್ಲಿರೋದು ಮೊಬೈಲಿಗೆ ಮಾತ್ರ.

ಇನ್ನೊಂದು, ವೈರನ್ನ ರಸ್ತೆ ದಾಟಿಸುವಾಗ ಎತ್ತರಕ್ಕೆ ಕಟ್ಟಿಸಿ. ಹುಲ್ಲಿನ ಲೋಡಿನ ಟ್ರ್ಯಾಕ್ಟರ್ ಎಳ್ಕೊಂಡ್ ಹೋದ್ರೆ ತಾಮ್ರದ ಥರ ಎರಡು ತುದಿ ತಿರುಚಿ ಟೇಪ್ ಸುತ್ತಕ್ಕಾಗಲ್ಲ, ಜೋಡಿಸೋ ಮಿಷನ್ ತರಬೇಕು, ಅದು ಬರೋಕೆ ದಿನ ಹಿಡಿಯುತ್ತೆ. ಮೋಡೆಮ್‌ನಲ್ಲಿ ಕೆಂಪು ದೀಪ ಬಂದ್ರೆ ಸಾಮಾನ್ಯವಾಗಿ ಫೈಬರಲ್ಲಿ ಬೆಳಕು ಬರ್ತಿಲ್ಲ ಅಂತ ಅರ್ಥ, ಅದನ್ನ ಅಮ್ಮಂಗೆ ಹೇಳಿಕೊಡಿ. ಆಗ ನಿಮಗೆ ಫೋನ್ ಮಾಡ್ಸೋಕೆ ಪಕ್ಕದ ಮನೆಯವ್ರ 5ಜಿ ಡಬ್ಬ ಇದ್ದೇ ಇದ್ಯಲ್ಲ!