ಮಗುವಿನ ಹಲ್ಲು ಹುಳುಕಾದಾಗ ತಾಯಿಯನ್ನು ಬೈದರೆ ಏನಾಗುತ್ತದೆ?

(ಗುರುತು ಸಿಗದಿರಲೆಂದು ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಸುಧಾ ಅವರನ್ನು ಆಪ್ತ ಸಮಾಲೋಚಕಿಯಾದ ನನ್ನ ಬಳಿ ಕಳಿಸಿದ್ದು ಮಕ್ಕಳ ಹಲ್ಲಿನ ವೈದ್ಯರು. ನಾಲ್ಕು ವರ್ಷದ ಮಗನ ಬಾಯಿ ನೋಡಿ, ಏನು ಮಾಡಬೇಕು ಅಂತ ವೈದ್ಯರು ಹೇಳುವಷ್ಟರಲ್ಲೇ ಸುಧಾ ಅಳತೊಡಗಿದ್ದರಂತೆ. ಚಿಕಿತ್ಸೆಗೆ ಕೊಟ್ಟ ದಿನ ಬರಲಿಲ್ಲ. ಫೋನ್ ಮಾಡಿದರೆ "ಮನೇಲಿ ಒಪ್ತಾ ಇಲ್ಲ" ಅಂದರಂತೆ. "ಹಲ್ಲು ನಾನು ನೋಡ್ಕೋತೀನಿ, ಮನೆಯವರ ಹತ್ರ ನೀವು ಮಾತಾಡಿ" ಎಂದು ವೈದ್ಯರು ನನ್ನನ್ನು ಕೇಳಿಕೊಂಡರು.

ಸುಧಾ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಂಡ ಸರಕು ಆಟೋ ಓಡಿಸುತ್ತಾರೆ. ಪಾವಗಡ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಕುಟುಂಬ. ಹಗಲು ಮಗನನ್ನು ನೋಡಿಕೊಳ್ಳುವುದು ಅತ್ತೆ. ಮೊದಲ ಸಲ ಬಂದಾಗ ಸುಧಾ ಹೆಚ್ಚು ಮಾತಾಡಲಿಲ್ಲ. ಮಾತಾಡಿದಷ್ಟು ಹೊತ್ತೂ ಸೆರಗಿನ ತುದಿ ಬಾಯಿಗೆ ಅಡ್ಡ ಇತ್ತು. "ನಾನು ಕೆಲಸಕ್ಕೆ ಹೋಗದೆ ಮನೇಲಿದ್ದಿದ್ರೆ ಹಿಂಗಾಗ್ತಿರಲಿಲ್ಲ ಮೇಡಂ. ಅವರೂ ಅದನ್ನೇ ಹೇಳ್ತಾರೆ" ಎಂದರು. ಅವರು ಅಂದರೆ ಗಂಡ.

ಮಗುವಿನ ಮೇಲಿನ ನಾಲ್ಕು ಮುಂದಿನ ಹಲ್ಲು ಕಂದು ಬಣ್ಣಕ್ಕೆ ತಿರುಗಿ ಒಸಡಿನ ಹತ್ತಿರ ಸವೆದು ಹೋಗಿದ್ದವು. ದವಡೆ ಹಲ್ಲುಗಳಲ್ಲೂ ಗುಳಿ. ಕೆಳಗಿನ ಮುಂದಿನ ಹಲ್ಲುಗಳು ಮಾತ್ರ ಬೆಳ್ಳಗೆ, ಚೆನ್ನಾಗಿದ್ದವು. ರಾತ್ರಿ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಕ್ಕಳಲ್ಲಿ ಹೀಗೇ ಆಗುತ್ತದೆ. ಚೀಪುವಾಗ ನಾಲಿಗೆ ಕೆಳಗಿನ ಹಲ್ಲುಗಳ ಮೇಲೆ ಹೊದ್ದುಕೊಂಡಿರುತ್ತದೆ. ಹಾಲು ನಿಲ್ಲುವುದು ಮೇಲಿನ ಹಲ್ಲುಗಳ ಸುತ್ತ. ಹಾಗಾಗಿ ವೈದ್ಯರಿಗೆ ನೋಡಿದ ಕೂಡಲೇ ಗೊತ್ತಾಗಿತ್ತು.

ಅಂಗನವಾಡಿಯಲ್ಲಿ ಈ ಹುಡುಗನಿಗೆ "ಹಠಮಾರಿ" ಅಂತ ಹೆಸರು. ಊಟ ಕೆನ್ನೆಯಲ್ಲೇ ಇಟ್ಟುಕೊಂಡು ಕೂರುತ್ತಾನೆ, ಚಪಾತಿ ಕೊಟ್ಟರೆ ಉಗಿಯುತ್ತಾನೆ, ರಾತ್ರಿ ಎದ್ದು ಅಳುತ್ತಾನೆ, ಬಾಟಲಿ ಕೊಟ್ಟರೆ ಸುಮ್ಮನಾಗುತ್ತಾನೆ. ಈ ವಿಷಯ ಪೋಷಕರೂ ಶಿಕ್ಷಕರೂ ಗಮನಿಸಲಿ ಎನ್ನುವುದು ನನ್ನ ಆಸೆ. ಇಷ್ಟು ಚಿಕ್ಕ ಮಗು "ಹಲ್ಲು ನೋಯುತ್ತೆ" ಎಂದು ಬಾಯಿ ಬಿಟ್ಟು ಹೇಳುವುದು ಕಡಿಮೆ. ನೋವು ಯಾವತ್ತು ಶುರುವಾಯಿತು ಅಂತ ಅದಕ್ಕೇ ಗೊತ್ತಿರುವುದಿಲ್ಲ, ದಿನಾ ಹೀಗೇ ಇರುತ್ತೆ ಅಂದುಕೊಂಡಿರುತ್ತದೆ. ಊಟದ ಹಠ, ನಿದ್ದೆಯ ತೊಂದರೆ, ಸಿಡುಕು ಅಂತ ನನ್ನ ಬಳಿ ಕರೆತರುವ ಮಕ್ಕಳ ಬಾಯಿಯನ್ನು ಒಮ್ಮೆ ನೋಡಿಸಿ ಅಂತ ನಾನು ಹೇಳುವುದು ಇದಕ್ಕೇ.

ಎರಡನೇ ಭೇಟಿಗೆ ಗಂಡ, ಅತ್ತೆ ಇಬ್ಬರನ್ನೂ ಕರೆಸಿದೆ. ಬಂದ ಕೂಡಲೇ ಅತ್ತೆ, "ಹಾಲಲ್ಲು ತಾನೇ ಕಣಮ್ಮ, ಹೆಂಗೂ ಬಿದ್ದೋಗ್ತವೆ. ಅದಕ್ಕೆ ಸಾವಿರಾರು ರೂಪಾಯಿ ಸುರೀಬೇಕಾ?" ಎಂದರು. ಗಂಡ ಹೆಂಡತಿಯ ಕಡೆ ನೋಡಿ, "ದಿನಾ ಹಲ್ಲುಜ್ಜಿಸಿದ್ರೆ ಇದೆಲ್ಲಾ ಆಗ್ತಿತ್ತಾ?" ಎಂದರು. ಸುಧಾ ತಲೆ ಎತ್ತಲಿಲ್ಲ.

ಯಾರು ತಪ್ಪು ಎನ್ನುವುದನ್ನು ಬದಿಗಿಟ್ಟು ಮೂವರಿಗೂ ಒಂದು ಕೆಲಸ ಕೊಟ್ಟೆ. ಮಗು ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದಿತು, ಎಷ್ಟು ಗಂಟೆಗೆ ತಿಂದಿತು ಅಂತ ಒಂದು ಹಾಳೆಯಲ್ಲಿ ಬರೆಯೋಣ ಎಂದೆ. ಆರಕ್ಕೆ ಬಾಟಲಿಯಲ್ಲಿ ಸಕ್ಕರೆ ಹಾಕಿದ ಹಾಲು. ಎಂಟಕ್ಕೆ ಅಜ್ಜಿಯ ಟೀಗೆ ಅದ್ದಿದ ಬಿಸ್ಕತ್ತು. ಹತ್ತೂವರೆಗೆ ಅಂಗಡಿಯ ಚಾಕಲೇಟು. ಊಟದ ಮೇಲೆ ಮಲಗಿಸಲು ಮತ್ತೆ ಬಾಟಲಿ. ನಾಲ್ಕಕ್ಕೆ ಬನ್ನು. ಆರಕ್ಕೆ ಅಪ್ಪ ತಂದ ಚಿಕ್ಕ ಜ್ಯೂಸ್ ಪ್ಯಾಕೆಟ್, ಅದನ್ನು ಒಂದು ಗಂಟೆ ಹೀರುತ್ತಾ ಓಡಾಡುವುದು. ಎಂಟಕ್ಕೆ ಮತ್ತೆ ಬಿಸ್ಕತ್ತು. ರಾತ್ರಿ ಬಾಟಲಿ, ನಡುರಾತ್ರಿ ಇನ್ನೊಂದು. ಬರೆಯುತ್ತಾ ಹೋದಂತೆ ಗಂಡನ ಮುಖ ಬದಲಾಯಿತು. ಆ ಹಾಳೆಯಲ್ಲಿ ಸುಧಾ ಮನೆಯಲ್ಲೇ ಇಲ್ಲದ ಗಂಟೆಗಳು ಇದ್ದವು, ಗಂಡನೇ ತಂದುಕೊಟ್ಟ ಜ್ಯೂಸ್ ಇತ್ತು, ಅಜ್ಜಿಯ ಪ್ರೀತಿಯೂ ಇತ್ತು. ಕೆಡಿಸಬೇಕು ಅಂತ ಯಾರೂ ಏನೂ ಕೊಟ್ಟಿರಲಿಲ್ಲ.

ಆಮೇಲೆ ಹಲ್ಲು ಹೇಗೆ ಕೆಡುತ್ತದೆ ಅಂತ ಹೇಳಿದೆ. ಹಲ್ಲಿನಲ್ಲಿ ಕಣ್ಣಿಗೆ ಕಾಣುವ ಹುಳ ಇರುವುದಿಲ್ಲ. ಹಲ್ಲಿನ ಮೇಲೆ ಅಂಟಿಕೊಳ್ಳುವ ಮೆತ್ತನೆ ಪದರದಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ನಾವು ತಿಂದ ಸಕ್ಕರೆ ಅವಕ್ಕೂ ಆಹಾರ. ಅದನ್ನು ತಿಂದು ಆಮ್ಲ ಬಿಡುತ್ತವೆ. ಹಲ್ಲಿನ ಸುತ್ತ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಿಂದ ಸುಣ್ಣದ ಅಂಶ ಕರಗಿ ಹೊರಗೆ ಹೋಗುತ್ತದೆ. ಬಾಯಿಯ ಜೊಲ್ಲು ನಿಧಾನವಾಗಿ ಆಮ್ಲವನ್ನು ತೊಳೆದು, ಆ ಅಂಶವನ್ನು ಹಲ್ಲಿಗೆ ಹಿಂತಿರುಗಿಸುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ನಡುವೆ ಇನ್ನೊಂದು ಬಿಸ್ಕತ್ತು ಬಾಯಿಗೆ ಬಿದ್ದರೆ ಮತ್ತೆ ಮೊದಲಿನಿಂದ. ರಾತ್ರಿ ನಿದ್ದೆಯಲ್ಲಿ ಜೊಲ್ಲು ಊರುವುದೇ ತುಂಬಾ ಕಡಿಮೆ. ಆಗ ಬಾಯಲ್ಲಿ ಸಿಹಿ ಹಾಲು ನಿಂತರೆ ಕಾಯುವವರೇ ಇರುವುದಿಲ್ಲ. ಬೆಲ್ಲ ಆದರೂ ಅಷ್ಟೆ, ಜೇನುತುಪ್ಪ ಆದರೂ ಅಷ್ಟೆ.

ಹಾಗಾಗಿ ಎಷ್ಟು ಸಿಹಿ ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ಎನ್ನುವುದು ಜಾಸ್ತಿ ಮುಖ್ಯ. ಇದು ಗೊತ್ತಾದದ್ದು ಹೇಗೆ ಅನ್ನುವುದನ್ನು ನನ್ನ ಕ್ಷೇತ್ರದವರು ಮರೆಯಬಾರದು. ಸ್ವೀಡನ್ನಿನ ಲುಂಡ್ ಊರಿನಲ್ಲಿ ವಿಪೆಹೋಲ್ಮ್ ಎಂಬ ಸಂಸ್ಥೆಯಿತ್ತು. ಬುದ್ಧಿಮಾಂದ್ಯತೆ ಇದ್ದವರನ್ನು ಅಲ್ಲಿ ಇರಿಸುತ್ತಿದ್ದರು. 1940ರ ದಶಕದಲ್ಲಿ ಅವರ ಒಪ್ಪಿಗೆಯನ್ನೇ ಕೇಳದೆ, ಕೆಲವರಿಗೆ ಊಟದ ಜೊತೆ ಸಕ್ಕರೆ, ಕೆಲವರಿಗೆ ಊಟಗಳ ನಡುವೆ ಅಂಟುವ ಟಾಫಿ ಕೊಟ್ಟು ನೋಡಿದರು. ಟಾಫಿ ತಿಂದವರ ಹಲ್ಲು ಬಹಳ ಬೇಗ ಹಾಳಾಯಿತು. ತಮ್ಮ ಪರವಾಗಿ ಮಾತಾಡಲಾಗದ ಜನರ ನೋವಿನಿಂದ ಬಂದ ತಿಳಿವಳಿಕೆ ಇದು. ಬಳಸುವಾಗಲಾದರೂ ಅವರನ್ನು ನೆನೆಯಬೇಕು ಅಂತ ನನಗನಿಸುತ್ತದೆ. ಅದಾದ ಮೇಲೆ ಆ ದೇಶದಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಕೊಡುವ ರೂಢಿ ಬೆಳೆಯಿತು. ಸುಧಾ ಮನೆಗೆ ನಾನು ಹೇಳಿದ್ದೂ ಹತ್ತಿರ ಹತ್ತಿರ ಅದನ್ನೇ. ಸಿಹಿ ಪೂರ್ತಿ ಬಂದ್ ಮಾಡಬೇಡಿ, ಭಾನುವಾರ ಊಟದ ಜೊತೆ ಕೊಡಿ. ಪೂರ್ತಿ ನಿಲ್ಲಿಸಿದರೆ ಅಜ್ಜಿ ಕದ್ದು ಕೊಡುತ್ತಾರೆ, ಮಗು ಕದ್ದು ತಿನ್ನುತ್ತದೆ, ಜಗಳ ಮತ್ತೆ ಸುಧಾ ಮೇಲೆ ಬರುತ್ತದೆ.

ಹಾಲು ಹಲ್ಲಿನ ಬಗ್ಗೆ ಅಜ್ಜಿಗೆ ಬೇರೆ ಥರ ಹೇಳಬೇಕಾಯಿತು. ಬಿದ್ದು ಹೋಗುತ್ತವೆ ನಿಜ. ಆದರೆ ಮುಂದಿನವು ಬೀಳುವುದು ಆರೇಳು ವರ್ಷಕ್ಕೆ, ದವಡೆಯವು ಹತ್ತರಿಂದ ಹನ್ನೆರಡಕ್ಕೆ. "ಇನ್ನೂ ಆರೇಳು ವರ್ಷ ಅವನು ಇದೇ ಹಲ್ಲಲ್ಲಿ ಮುದ್ದೆ, ಚಪಾತಿ, ಸೀಬೆಹಣ್ಣು ತಿನ್ನಬೇಕಲ್ವಾ ಅಮ್ಮ?" ಎಂದೆ. ಮುದ್ದೆಯನ್ನು ನುಂಗಬಹುದು ಎಂದು ಅವರು ಒಪ್ಪದೆ ವಾದಿಸಿದರು. ಆದರೆ ಬೇರಿಗೆ ಕೀವು ಇಳಿದರೆ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಪೆಟ್ಟು, ದವಡೆ ಹಲ್ಲು ಬೇಗ ಕಿತ್ತರೆ ಪಕ್ಕದ ಹಲ್ಲು ವಾಲಿ ಹೊಸದಕ್ಕೆ ಜಾಗವೇ ಇರುವುದಿಲ್ಲ ಎಂದಾಗ ಸುಮ್ಮನೆ ಕೇಳಿಸಿಕೊಂಡರು.

ಅಜ್ಜಿಗೆ ಇನ್ನೊಂದು ಹೆದರಿಕೆ ಇತ್ತು, ಅದು ಸುಮ್ನೆ ಬಂದದ್ದಲ್ಲ. ಅವರ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಊರಿಗೆಲ್ಲ ಗೊತ್ತು. ಕೀಲು ಹಿಡಿದು ಬಾಗಿದವರನ್ನೂ ಅವರು ನೋಡಿದ್ದಾರೆ. ಹಾಗಾಗಿ ಮನೆಯಲ್ಲಿ ಫ್ಲೋರೈಡ್ ಇರುವ ಪೇಸ್ಟ್ ಬೇಡ, ಮಗುವಿಗೆ ಹಲ್ಲುಪುಡಿ, ಕೆಲವು ದಿನ ಇದ್ದಿಲು. ಈ ಹೆದರಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ನಾನು ಹೇಳಿದ್ದು ಇಷ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಂದು ಲೀಟರ್ ನೀರಿಗೆ 1.5 ಮಿಲಿಗ್ರಾಂ ಫ್ಲೋರೈಡ್. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ದಿನಾ ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ತೊಂದರೆ. ಪೇಸ್ಟನ್ನು ನಾವು ಕುಡಿಯುವುದಿಲ್ಲ. ಹಲ್ಲಿನ ಮೇಲ್ಮೈಗೆ ತಾಗಿಸಿ ಉಗಿಯುತ್ತೇವೆ. ಅಲ್ಲಿ ಅದು ಕರಗಿದ ಎನಾಮಲ್ ಮತ್ತೆ ಗಟ್ಟಿಯಾಗಲು ನೆರವಾಗುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಸಾಕು. ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷದಲ್ಲಿ ಸಾವಿರ ಭಾಗ) ಎಂದು ಇದೆಯೇ ನೋಡಿ ತಗೊಳ್ಳಿ, ಮಕ್ಕಳ ಪೇಸ್ಟ್ ಎಂದು ಮಾರುವ ಕೆಲವದರಲ್ಲಿ ಫ್ಲೋರೈಡೇ ಇರುವುದಿಲ್ಲ. ಊರಿಗೆ ಹೋಗಿ ಇರುವಾಗ ಮಾತ್ರ ಮಗುವಿಗೆ ಶುದ್ಧೀಕರಿಸಿದ ನೀರು ಕೊಡಿ. ಇದ್ದಿಲು, ಉಪ್ಪು ಒರಟು, ಎನಾಮಲ್ ಸವೆಸುತ್ತವೆ, ಬೇಡ. ಅಜ್ಜಿ ಪೇಸ್ಟ್ ಟ್ಯೂಬನ್ನು ತಿರುಗಿಸಿ ತಿರುಗಿಸಿ ನೋಡಿ, "ಉಗುಳಿಸಿದ್ರೆ ಆಯ್ತಲ್ಲ" ಎಂದರು. ಉಗಿದ ಮೇಲೆ ನೀರು ಹಾಕಿ ಮುಕ್ಕಳಿಸುವುದು ಬೇಡ, ಸ್ವಲ್ಪ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಲಿ ಎಂದೂ ಹೇಳಿದೆ.

ಬಾಟಲಿ ಬಿಡಿಸುವುದೇ ಕಷ್ಟದ ಕೆಲಸ. ಮೊದಲು ಸಕ್ಕರೆ ನಿಲ್ಲಿಸಿ, ಆಮೇಲೆ ರಾತ್ರಿಯ ಹಾಲಿಗೆ ದಿನದಿಂದ ದಿನಕ್ಕೆ ನೀರು ಜಾಸ್ತಿ ಮಾಡುತ್ತಾ ಕೊನೆಗೆ ಬರೀ ನೀರು. ಹಗಲು ಹಾಲು ಲೋಟದಲ್ಲಿ. ಮಗು ಅಳುತ್ತದೆ, ಅಕ್ಕಪಕ್ಕದ ಮನೆಯವರು ಎದ್ದು ಕೇಳುತ್ತಾರೆ, ಆಗ ಯಾರೂ ಸುಧಾಳನ್ನು ಬೈಯಬಾರದು ಎಂದು ಮೂವರ ಮುಂದೆಯೇ ಮಾತು ತೆಗೆದುಕೊಂಡೆ. ರಾತ್ರಿ ಹಲ್ಲುಜ್ಜಿಸುವ ಕೆಲಸ ಅಪ್ಪನಿಗೆ. ಏಳೆಂಟು ವರ್ಷದವರೆಗೂ ದೊಡ್ಡವರೇ ಉಜ್ಜಿಸಬೇಕು, ಅಷ್ಟು ಸಣ್ಣ ಕೈಗೆ ದವಡೆಯ ಹಿಂಭಾಗ ಸಿಗುವುದಿಲ್ಲ. ನೆಲದಲ್ಲಿ ಕೂತು, ಮಗುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೇಲಿನಿಂದ ಬಾಯಿ ನೋಡುತ್ತಾ ಉಜ್ಜಿಸಿ ಎಂದು ತೋರಿಸಿಕೊಟ್ಟೆ. ಉಜ್ಜಿದ ಮೇಲೆ ನೀರು ಬಿಟ್ಟು ಇನ್ನೇನೂ ಇಲ್ಲ. ವಾರಕ್ಕೊಮ್ಮೆ ಮೇಲಿನ ತುಟಿ ಎತ್ತಿ ಒಸಡಿನ ಅಂಚು ನೋಡಿ ಎಂದೂ ಹೇಳಿದೆ. ಹುಳುಕು ಮೊದಲು ಕಾಣುವುದು ಸುಣ್ಣದಂಥ ಬಿಳಿ ಗೆರೆಯಾಗಿ. ಆ ಹಂತದಲ್ಲಿ ಸಿಕ್ಕರೆ ಕೊರೆಯದೆಯೇ ಸರಿಪಡಿಸಬಹುದು. ಸುಧಾಗೆ ಎರಡನೇ ಮಗುವಾದರೆ ಇದು ಮೊದಲ ಹಲ್ಲು ಬಂದ ದಿನದಿಂದಲೇ ಬೇಕಾಗುವ ಮಾತು.

ಚಿಕಿತ್ಸೆಗೆ ಕರೆದೊಯ್ಯುವ ಮುಂಚೆ ಎರಡು ಮಾತು ಆಡಬೇಡಿ ಎಂದು ಕೇಳಿಕೊಂಡೆ. ಒಂದು, "ಏನೂ ನೋವಾಗಲ್ಲ". ಸ್ವಲ್ಪ ನೋವಾದರೂ ಮಗು ಮುಂದೆ ಯಾರನ್ನೂ ನಂಬುವುದಿಲ್ಲ. ಇನ್ನೊಂದು, "ಗಲಾಟೆ ಮಾಡಿದ್ರೆ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ". ಹಲ್ಲು ಎಣಿಸೋಕೆ ಹೋಗ್ತಿದ್ದೀವಿ ಅಂದರೆ ಸಾಕು. ಮೊದಲ ಭೇಟಿಯಲ್ಲಿ ವೈದ್ಯರೂ ಕನ್ನಡಿ ಕೊಟ್ಟು ಎಣಿಸಿದರು, ಅಷ್ಟೇ.

ಮೂರನೇ ಸಲ ಸುಧಾ ಒಬ್ಬರೇ ಬಂದರು. ಸೆರಗು ಯಾಕೆ ಅಡ್ಡ ಹಿಡಿಯುತ್ತೀರಿ ಅಂತ ಆಗ ಕೇಳಿದೆ. ಅವರ ಬಲಗಡೆಯ ಎರಡು ದವಡೆ ಹಲ್ಲು ಹುಳುಕಾಗಿ ವರ್ಷಗಳಾಗಿವೆ. ಒಂದೇ ಕಡೆ ಅಗಿಯುತ್ತಾರೆ, ನೋವು ಬಂದರೆ ಲವಂಗ ಇಟ್ಟುಕೊಳ್ಳುತ್ತಾರೆ. ಚಿಕ್ಕವರಿದ್ದಾಗ ಕೈಕಾಲು ಹಿಡಿದುಕೊಂಡು ಒಂದು ಹಲ್ಲು ಕಿತ್ತಿದ್ದರಂತೆ. ಆವತ್ತಿನಿಂದ ಆ ಕುರ್ಚಿ ಕಂಡರೆ ಕೈ ತಣ್ಣಗಾಗುತ್ತದೆ. ಮಗನ ಜೊತೆ ಹೋದಾಗ ಅತ್ತದ್ದರಲ್ಲಿ ಅರ್ಧ ಈ ಭಯವೇ. "ಇಷ್ಟು ಕೆಟ್ಟಿರೋ ಬಾಯಿ ತೋರಿಸಿದ್ರೆ ಡಾಕ್ಟ್ರು ಏನಂದ್ಕೊತಾರೆ?" ಎಂದರು. ನಾಚಿಕೆಯಿಂದ ಮುಂದಕ್ಕೆ ಹಾಕಿದಷ್ಟೂ ಗುಳಿ ಆಳವಾಗುತ್ತದೆ, ಆಳವಾದಷ್ಟೂ ನಾಚಿಕೆ ಹೆಚ್ಚುತ್ತದೆ. ಇದು ನಾನು ದೊಡ್ಡವರಲ್ಲಿ ತುಂಬಾ ನೋಡುವ ಸುಳಿ.

ಅವರ ದಿನವನ್ನೂ ಬರೆದೆವು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಲೈನ್ ಬಿಟ್ಟು ಟಾಯ್ಲೆಟ್ಟಿಗೆ ಎದ್ದರೆ ಬೈಗುಳ, ಅದಕ್ಕೆ ನೀರೇ ಕುಡಿಯುವುದಿಲ್ಲ. ಬಾಯಿ ಒಣಗಿದಾಗ ಪೆಪ್ಪರ್‌ಮಿಂಟ್. ಜೊತೆಗೆ ಸಿಹಿ ಟೀ. ಒಣ ಬಾಯಿಯಲ್ಲಿ ಹಲ್ಲಿಗೆ ರಕ್ಷಣೆಯೇ ಇಲ್ಲ. ಖಿನ್ನತೆಗೆ, ನಿದ್ದೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಬಾಯಿ ಹೀಗೆ ಒಣಗುತ್ತದೆ. ನನ್ನ ಬಳಿ ಬರುವ ಕೆಲವರು ಮಾತ್ರೆ ತಗೊಂಡು ದಿನವಿಡೀ ಮಿಠಾಯಿ ಚೀಪುತ್ತಾರೆ. ಅವರಿಗೆ ಹೇಳುವುದು: ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬಾಯಿ ಒಣಗುತ್ತಿದೆ ಅಂತ ವೈದ್ಯರಿಗೆ ಹೇಳಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ. ಸುಧಾಗೂ ಬಾಟಲಿಯಲ್ಲಿ ನೀರು ಪಕ್ಕದಲ್ಲೇ ಇಟ್ಟುಕೊಳ್ಳಲು ಹೇಳಿದೆ. ಟಾಯ್ಲೆಟ್ ವಿಷಯವನ್ನು ಜೊತೆಗಾರ್ತಿಯರೆಲ್ಲ ಸೇರಿ ಕೇಳುವುದು ಒಳ್ಳೆಯದು ಎಂದೆ, ಅದು ಅವರ ಹಕ್ಕು.

ಹಲ್ಲಿನ ವೈದ್ಯರ ಬಳಿ ಅವರು ಮೊದಲ ದಿನ ಬರೀ ಕೂತು ಬಾಯಿ ತೋರಿಸಿ ಬಂದರು. ಮುಂದಿನ ಸಲ ಕೈ ಎತ್ತಿದರೆ ಕೆಲಸ ನಿಲ್ಲಿಸಬೇಕು ಅಂತ ವೈದ್ಯರ ಜೊತೆ ಮೊದಲೇ ಮಾತಾಡಿಕೊಂಡರು. ಕೈ ಎತ್ತಿದಾಗ ಅವರು ನಿಜವಾಗಿಯೂ ನಿಲ್ಲಿಸಿದ್ದೇ ಧೈರ್ಯ ಕೊಟ್ಟಿತಂತೆ. ಒಂದು ಹಲ್ಲಿಗೆ ರೂಟ್ ಕೆನಾಲ್ ಆಯಿತು, ಇನ್ನೊಂದನ್ನು ಕೀಳಬೇಕಾಯಿತು. ಖರ್ಚು ಜಾಸ್ತಿ ಎನಿಸಿದ್ದರಿಂದ ಉಳಿದ ಕೆಲಸವನ್ನು ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಮಾಡಿಸಿದರು.

ಮಗನ ಎರಡು ಮುಂದಿನ ಹಲ್ಲು ಉಳಿಯಲಿಲ್ಲ. ದವಡೆಯ ಎರಡಕ್ಕೆ ಸ್ಟೀಲ್ ಕ್ಯಾಪ್ ಬಂತು. ಉಳಿದ ಗುಳಿಗಳಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಬಹುದು, ಕೊರೆಯಬೇಕಾಗಿಲ್ಲ, ಹುಳುಕು ಅಲ್ಲಿಗೇ ನಿಲ್ಲುತ್ತದೆ, ಆದರೆ ಆ ಜಾಗ ಕಪ್ಪಾಗುತ್ತದೆ ಎಂದು ವೈದ್ಯರು ಹೇಳಿದ್ದರು. ನೆಂಟರು ಏನಂತಾರೋ ಎಂದು ಸುಧಾ ಹಿಂದೇಟು ಹಾಕಿದರು. ಒಳಗಡೆಯ ಹಲ್ಲಿನ ಕಪ್ಪು ಕಾಣುವುದು ಯಾರಿಗೆ, ಅವನಿಗೆ ರಾತ್ರಿ ನಿದ್ದೆ ಮುಖ್ಯವಲ್ಲವೇ ಎಂದು ಗಂಡನೇ ಹೇಳಿದರಂತೆ. ಹಚ್ಚಿಸಿದರು.

ಬಾಟಲಿ ಹೋಗಿದೆ. ಅಂಗಡಿ ಚಾಕಲೇಟು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಆರು ತಿಂಗಳಿಗೊಮ್ಮೆ ತೋರಿಸಿ ಎಂದಿದ್ದೇನೆ. ಮುಖ್ಯವಾಗಿ ಆರು ವರ್ಷದ ಹೊತ್ತಿಗೆ ಎಚ್ಚರ ಇರಲಿ. ಆಗ ಯಾವ ಹಲ್ಲೂ ಬೀಳದೆಯೇ, ಕೊನೆಯ ಹಾಲು ಹಲ್ಲಿನ ಹಿಂದೆ ಹೊಸ ದವಡೆ ಹಲ್ಲು ಬರುತ್ತದೆ. ಅದೂ ಹಾಲು ಹಲ್ಲೇ ಅಂದುಕೊಂಡು ಬಹಳ ಮನೆಗಳಲ್ಲಿ ಬಿಟ್ಟುಬಿಡುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು, ಅದರ ಮೇಲಿನ ಸೀಳುಗಳಲ್ಲಿ ಊಟ ಬೇಗ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಮೇಲೆ ಬಂದ ಕೂಡಲೇ ಆ ಸೀಳುಗಳಿಗೆ ಸೀಲೆಂಟ್ (ಸೀಳು ಮುಚ್ಚುವ ತೆಳು ಲೇಪ) ಹಾಕಿಸಬಹುದೇ ಎಂದು ವೈದ್ಯರನ್ನು ಕೇಳಿ ಅಂತ ಸುಧಾಗೆ ಬರೆದುಕೊಟ್ಟಿದ್ದೇನೆ.